ಗೋಧಿ ಸೇರದ ಮಗುವಿಗೆ ಉಡುಪಿ ಹೋಟೆಲಿನ ತಿಂಡಿ: ತೊಡಕು ಇರುವುದು ಅಕ್ಕಿಯಲ್ಲಲ್ಲ, ಇಂಗಿನಲ್ಲಿ

ಮಗುವಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಕೆಡುವ ತೊಂದರೆ, ಎಂದು ಖಚಿತವಾದ ಮೇಲೆ ಮನೆಯ ಅಡುಗೆ ಹೇಗೋ ಒಂದು ಹದಕ್ಕೆ ಬರುತ್ತದೆ. ಹೊರಗೆ ತಿನ್ನಿಸುವುದೇ ದೊಡ್ಡ ತಲೆನೋವು. ಆ ಮಟ್ಟಿಗೆ ಕರಾವಳಿಯವರು ಪುಣ್ಯವಂತರು. ಇಡ್ಲಿ, ಮೂಡೆ, ಕಡುಬು, ಪುಂಡಿ, ನೀರುದೋಸೆ, ಒತ್ತು ಶಾವಿಗೆ ಎಂದು ಇಲ್ಲಿನ ಹೋಟೆಲಿನ ಬೆಳಗಿನ ಬೋರ್ಡಿನಲ್ಲಿ ಅಕ್ಕಿಯದ್ದೇ ದರ್ಬಾರು. ಈ ವಿಮರ್ಶೆ ಒಂದು ಹೋಟೆಲಿನದ್ದಲ್ಲ. ಉಡುಪಿಯ ರಥಬೀದಿಯಿಂದ ಮಂಗಳೂರಿನ ಹಂಪನಕಟ್ಟೆಯವರೆಗೆ ಸಸ್ಯಾಹಾರಿ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಸಿಗುವ ತಿಂಡಿಗಳನ್ನು, ಗೋಧಿ ಅಥವಾ ಹಾಲು ಆಗದ ಮಗುವಿನ ತಟ್ಟೆಯ ಕಡೆಯಿಂದ ನೋಡಿ ಬರೆದದ್ದು. ರುಚಿಗೆ ಇಲ್ಲಿ ಅಂಕ ಇಲ್ಲ. ಅದು ಚೆನ್ನಾಗಿಯೇ ಇರುತ್ತದೆ.

ಮೊದಲು ಒಂದು ಮಾತು. ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಗುಮಾನಿ ಬಂದ ಕೂಡಲೇ ಗೋಧಿ ನಿಲ್ಲಿಸಿಬಿಡುವವರು ಬಹಳ. ಅದು ಬೇಡ. ಸೀಲಿಯಾಕ್‌ಗೆ ಮಾಡುವ ಟಿಟಿಜಿ-ಐಜಿಎ ರಕ್ತಪರೀಕ್ಷೆ, ಆಮೇಲೆ ಬೇಕಾದರೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದು, ಎರಡೂ ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರ ಕೊಡುತ್ತವೆ. ವಾರಗಟ್ಟಲೆ ಚಪಾತಿ, ಬಿಸ್ಕತ್ತು ಬಿಟ್ಟ ಮಗುವಿನ ರಕ್ತದಲ್ಲಿ ಆ್ಯಂಟಿಬಾಡಿ ಇಳಿದು, ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಜೊತೆಗೆ ಐಜಿಎ ಎಂಬ ಬಗೆಯ ಆ್ಯಂಟಿಬಾಡಿ ರಕ್ತದಲ್ಲಿ ಒಟ್ಟು ಎಷ್ಟಿದೆ ಎಂದೂ ನೋಡಿಸಬೇಕು. ಅದೇ ಕಡಿಮೆ ಇರುವ ಮಕ್ಕಳಲ್ಲಿ ಟಿಟಿಜಿ-ಐಜಿಎ ಸುಳ್ಳು ಹೇಳುತ್ತದೆ. ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಈ ಕಾಯಿಲೆ ಉತ್ತರ ಭಾರತಕ್ಕಿಂತ ಕಡಿಮೆ ಕಾಣುತ್ತದೆ. ಹಾಗಾಗಿ ಭೇದಿ ಬಿಡದ, ತೂಕ ಏರದ, ಎಷ್ಟು ಕಬ್ಬಿಣದ ಸಿರಪ್ ಕುಡಿಸಿದರೂ ರಕ್ತಹೀನತೆ ಹೋಗದ, ಎತ್ತರ ನಿಂತುಹೋದ ಮಗುವಿನಲ್ಲಿ ಇದು ತಡವಾಗಿ ಹೊಳೆಯುವುದುಂಟು. ಭೇದಿಯೇ ಇರಬೇಕೆಂದಿಲ್ಲ, ಮಲಬದ್ಧತೆಯ ರೂಪದಲ್ಲೂ ಬರುತ್ತದೆ.

ಈಗ ಇಂಗು. ಕರಾವಳಿಯ ತಿಂಡಿ ಅಕ್ಕಿಯದ್ದೇ ಆದರೂ ಅದರ ಪಕ್ಕಕ್ಕೆ ಬರುವ ಸಾಂಬಾರು, ಸಾರು, ಚಟ್ನಿಯ ಒಗ್ಗರಣೆ, ಉಪ್ಪಿನಕಾಯಿ, ಉದ್ದಿನ ಹಪ್ಪಳ, ಎಲ್ಲದರಲ್ಲೂ ಇಂಗು. ಈರುಳ್ಳಿ-ಬೆಳ್ಳುಳ್ಳಿ ಹಾಕದ ಮಠದ ಶೈಲಿಯ ಅಡುಗೆಯಲ್ಲಿ ಅದರ ಕೈ ಇನ್ನೂ ಜೋರು. ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಅಂಟಲ್ಲ. ಶುದ್ಧ ಇಂಗು ಅಷ್ಟು ಖಾರದ್ದು, ಅಷ್ಟು ದುಬಾರಿಯದ್ದು. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಹೆಚ್ಚಿನ ಡಬ್ಬಿಗಳಲ್ಲಿ ಮೈದಾ, ಕೆಲವದರಲ್ಲಿ ಅಕ್ಕಿ ಹಿಟ್ಟು. ಪುಡಿ ಇಂಗಿನಲ್ಲಿ ಮಾತ್ರ ಬೆರಕೆ, ಗಟ್ಟಿ ಇಂಗು ಶುದ್ಧ ಎಂಬ ನಂಬಿಕೆ ಹಲವರಿಗಿದೆ. ಗಟ್ಟಿ ಇಂಗಿನ ಡಬ್ಬಿಯ ಹಿಂದೆ ತಿರುಗಿಸಿ ಓದಿ, ಅಲ್ಲೂ ಗೋಧಿ ಹಿಟ್ಟು ಕಾಣಿಸುತ್ತದೆ.

ಇದರಿಂದ ಎಷ್ಟು ತೊಂದರೆ? ಲೆಕ್ಕ ಹಾಕಬಹುದು. ಮೈದಾದಲ್ಲಿ ನೂರು ಗ್ರಾಮಿಗೆ ಸುಮಾರು 8 ಗ್ರಾಂ ಗ್ಲೂಟೆನ್ ಎಂದು ಹಿಡಿಯಿರಿ. ಹತ್ತು ಜನಕ್ಕಾಗುವ ಸಾಂಬಾರಿಗೆ 1 ಗ್ರಾಂ ಇಂಗು ಬಿದ್ದು, ಅದರಲ್ಲಿ ಅರ್ಧ ಮೈದಾ ಇದ್ದರೆ ಇಡೀ ಪಾತ್ರೆಗೆ 40 ಮಿಲಿಗ್ರಾಂ ಗ್ಲೂಟೆನ್, ಒಂದು ಬಟ್ಟಲಿಗೆ 4 ಮಿಲಿಗ್ರಾಂ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಸೀಲಿಯಾಕ್ ಇರುವ ಬಹುತೇಕರ ಕರುಳು ತಡೆದುಕೊಳ್ಳುತ್ತದೆ. ದಿನವೂ 50 ಮಿಲಿಗ್ರಾಂ ಹೋದರೆ ಮೂರು ತಿಂಗಳಲ್ಲಿ ಕರುಳಿನ ಒಳಗೋಡೆಗೆ ಪೆಟ್ಟು ಬೀಳುವುದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡಿದೆ. ಅಂದರೆ ಅಪರೂಪಕ್ಕೆ ಒಂದು ಬಟ್ಟಲು ಸಾಂಬಾರು ಆಕಾಶ ಬೀಳಿಸುವುದಿಲ್ಲ. ಆದರೆ ಹೋಟೆಲಿನಲ್ಲಿ ಇಂಗಿನ ಕೈ ಎಷ್ಟು ಧಾರಾಳ ಎಂಬುದು ನಮಗೆ ಕಾಣುವುದಿಲ್ಲ, ಸಾಂಬಾರು ಎರಡು ಸಲ ಬರುತ್ತದೆ, ಚಟ್ನಿಯಲ್ಲೂ ಇದೆ, ಮಧ್ಯಾಹ್ನ ಮನೆಯ ಸಾರಿನಲ್ಲೂ ಅದೇ ಡಬ್ಬಿಯಾದರೆ 10ರ ಗೆರೆ ದಾಟಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಮನೆಯ ಡಬ್ಬಿ ಮೊದಲು ಬದಲಾಗಲಿ. ಹೋಟೆಲಿನ ಸಾಂಬಾರು ಈ ಮಕ್ಕಳಿಗೆ ಬೇಡ ಎಂದೇ ನಮ್ಮ ಅಭಿಪ್ರಾಯ.

ಸಾಂಬಾರು ಬಿಟ್ಟರೆ ಮಗು ಇಡ್ಲಿಯನ್ನು ಯಾವುದರ ಜೊತೆ ತಿನ್ನಬೇಕು? ಚಟ್ನಿ ಇದೆ. ಹೋಟೆಲಿನಲ್ಲಿ ಚಟ್ನಿಯನ್ನು ದೊಡ್ಡ ಗ್ರೈಂಡರಿನಲ್ಲಿ ರುಬ್ಬಿ, ಪಾತ್ರೆಗೆ ತೆಗೆದ ಮೇಲೆ ಒಗ್ಗರಣೆ ಸುರಿಯುತ್ತಾರೆ. ಬೆಳಿಗ್ಗೆ ಏಳು-ಏಳೂವರೆಗೆ ಹೋದರೆ ಒಗ್ಗರಣೆ ಹಾಕದ ಚಟ್ನಿ ಕೇಳಿ ಪಡೆಯುವುದು ಸುಲಭ. ಒಂಬತ್ತರ ಗಡಿಬಿಡಿಯಲ್ಲಿ ಸಪ್ಲೈಯರಿಗೂ ಪುರುಸೊತ್ತಿಲ್ಲ, ಅಡುಗೆಮನೆಗೂ ಇಲ್ಲ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸು, ಶುಂಠಿ, ಉಪ್ಪು: ಇದರಲ್ಲಿ ಗೋಧಿ ಇಲ್ಲ. ಇಲ್ಲವೇ ಕಾಯಿಹಾಲು-ಬೆಲ್ಲ, ಬಾಳೆಹಣ್ಣಿನ ರಸಾಯನ. ಒತ್ತು ಶಾವಿಗೆಗೆ ರಸಾಯನ ಸಿಕ್ಕಿದರೆ ಯಾವ ಮಗುವೂ ಸಾಂಬಾರು ಕೇಳುವುದಿಲ್ಲ.

ತಿಂಡಿಗಳಲ್ಲಿ ಪೂರ್ಣ ಅಂಕ ಮೂಡೆಗೆ. ಅಕ್ಕಿ-ಉದ್ದಿನ ಹಿಟ್ಟನ್ನು ಎಲೆಯ ಕೊಳವೆಗೆ ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಡಿಸುವುದು ತಟ್ಟೆಗೆ ಬಂದ ಮೇಲೆ. ಅಲ್ಲಿಯವರೆಗೆ ಕಾವಲಿ ಇಲ್ಲ, ಎಣ್ಣೆ ಇಲ್ಲ, ಬೇರೆ ಹಿಟ್ಟು ಮುಟ್ಟಿದ ಕೈಯೂ ತಾಗುವುದಿಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬಿಗೂ ಇದೇ ಮಾತು. ಎಲೆ ಬಿಡಿಸದೆಯೇ ತಂದುಕೊಡಲು ಹೇಳಿ. ಆಮೇಲೆ ಇಡ್ಲಿ. ಇಡ್ಲಿ ತಟ್ಟೆಯ ಮೇಲಂತಸ್ತಿನಲ್ಲಿ ರವೆ ಇಡ್ಲಿ, ಕೆಳಗೆ ಅಕ್ಕಿಯ ಇಡ್ಲಿ ಇಟ್ಟು ಒಟ್ಟಿಗೆ ಬೇಯಿಸುವ ಕಡೆ ಮಾತ್ರ ತುಸು ಎಚ್ಚರ ಬೇಕು, ಹಬೆಯ ನೀರು ಕೆಳಕ್ಕೆ ತೊಟ್ಟಿಕ್ಕುತ್ತದೆ. ಪುಂಡಿ ಸರಿ. ಅದರಲ್ಲಿ ಅಕ್ಕಿ, ಕಾಯಿ, ಉಪ್ಪು. ಒಗ್ಗರಣೆ ಹಾಕುವ ಹೋಟೆಲಿನಲ್ಲಿ ಇಂಗಿನ ಪ್ರಶ್ನೆ ಮತ್ತೆ ಬರುತ್ತದೆ. ಪತ್ರೊಡೆಯ ಮಸಾಲೆಗೂ ಅದೇ ಪ್ರಶ್ನೆ.

ಬರೀ ಅಕ್ಕಿಯದ್ದಾದರೆ ನೀರುದೋಸೆಯ ಹಿಟ್ಟು ನಿರಪಾಯ, ಕಾವಲಿ ಅಲ್ಲ. ಹೋಟೆಲಿನ ದೊಡ್ಡ ಕಾವಲಿಯ ಎದುರು ಐದು ನಿಮಿಷ ನಿಂತು ನೋಡಿದರೆ ಸಂಗತಿ ತಿಳಿಯುತ್ತದೆ. ಒಂದು ಸಾಲು ರವಾ ದೋಸೆ ಎಬ್ಬಿಸಿದ ಮೇಲೆ ಭಟ್ರು ನೀರು ಚಿಮುಕಿಸುತ್ತಾರೆ, ಮೋಟು ಪೊರಕೆಯಲ್ಲಿ ಒಮ್ಮೆ ಎಳೆಯುತ್ತಾರೆ, ಎಣ್ಣೆ ಬಿಟ್ಟು ಮುಂದಿನ ಸಾಲು ಹುಯ್ಯುತ್ತಾರೆ. ರವಾ ದೋಸೆಯ ಹಿಟ್ಟಿನಲ್ಲಿ ಗೋಧಿ ರವೆ, ಮೈದಾ ಎರಡೂ ಇವೆ. ನೀರಾಗಿರುವುದರಿಂದ ಸುತ್ತ ಸಿಡಿಯುತ್ತದೆ, ಅಂಚಿನಲ್ಲಿ ಸೀದು ಅಂಟಿಕೊಂಡ ಚೂರುಗಳು ಪೊರಕೆಗೆ ಸೇರುತ್ತವೆ. ಅದೇ ಪೊರಕೆ ದಿನವಿಡೀ ಓಡಾಡುತ್ತದೆ. ಹೀಗೆ ಬೀಳುವ ಗ್ಲೂಟೆನ್ನಿಗೆ ಸಾಂಬಾರಿನ ಹಾಗೆ ಲೆಕ್ಕ ಹಾಕಲು ಬರುವುದಿಲ್ಲ, ಒಂದು ದೋಸೆಗೂ ಇನ್ನೊಂದಕ್ಕೂ ಬದಲಾಗುತ್ತದೆ. ಮೊದಲು ಕೇಳಬೇಕಾದ್ದು: ನೀರುದೋಸೆಗೆ ಬೇರೆ ಕಾವಲಿ ಇದೆಯಾ? ಮುಚ್ಚಳ ಹಾಕಿ ಬೇಯಿಸುವ ದೋಸೆಯಾದ್ದರಿಂದ ಸಣ್ಣ ಕಾವಲಿಯನ್ನೇ ಮೀಸಲಿಟ್ಟ ಹೋಟೆಲುಗಳೂ ಇವೆ. ಹಿಟ್ಟಿಗೆ ಮೈದಾ ಸೇರಿಸದಿದ್ದರೆ ಅಲ್ಲಿ ಧೈರ್ಯವಾಗಿ ತಿನ್ನಿಸಿ. ಅದೇ ಕಾವಲಿಯಲ್ಲಿ ಚಪಾತಿಯೂ ಬೇಯುತ್ತದೆಂದರೆ ಬೇಡ, ಲಟ್ಟಿಸುವಾಗ ಉದುರಿಸಿದ ಒಣಹಿಟ್ಟು ಅಲ್ಲೇ ಕೂತಿರುತ್ತದೆ. ದೋಸೆ ಹರಿಯದೆ ಏಳಲಿ ಎಂದು ನೀರುದೋಸೆಯ ಹಿಟ್ಟಿಗೆ ಒಂದು ಹಿಡಿ ಮೈದಾ ಸೇರಿಸುವ ಅಭ್ಯಾಸವೂ ಕೆಲವು ಕಡೆ ಉಂಟು. ಮಸಾಲೆ ದೋಸೆಗೆ ಬಣ್ಣ, ಗರಿಗರಿ ಬರಲಿ ಎಂದು ರವೆ ಸೇರಿಸುವ ಹಾಗೆ. ಕೇಳದೆ ಗೊತ್ತಾಗದು.

ಬಾಣಲೆಯ ಸಾಲಿಗೆ ಒಟ್ಟಾರೆ ಸೊನ್ನೆ. ಗೋಳಿಬಜೆ ಎಂದರೆ ಮೈದಾ ಮತ್ತು ಮೊಸರು. ಒಂದು ಗೋಳಿಬಜೆಯಲ್ಲಿ 12 ಗ್ರಾಂ ಮೈದಾ ಇದೆ ಎಂದರೂ ಗ್ಲೂಟೆನ್ ಸುಮಾರು ಒಂದು ಗ್ರಾಂ, ಅಂದರೆ ಮೇಲೆ ಹೇಳಿದ 10 ಮಿಲಿಗ್ರಾಮಿನ ನೂರು ಪಟ್ಟು. “ಒಂದೇ ಒಂದು, ಏನಾಗುತ್ತದೆ ಮಾರಾಯ್ರೆ” ಎನ್ನುವ ಅಜ್ಜ-ಅಜ್ಜಿಯರಿಗೆ ಈ ಲೆಕ್ಕ ತೋರಿಸಿ. ಬನ್ಸ್‌ನದ್ದೂ ಮೈದಾವೇ, ಜೊತೆಗೆ ಬಾಳೆಹಣ್ಣು. ಇಲ್ಲೊಂದು ತಮಾಷೆಯಿದೆ. ಸೀಲಿಯಾಕ್‌ಗೆ ಕಾರಣ ಗೋಧಿ ಎಂದು ಗೊತ್ತಿಲ್ಲದ ಕಾಲದಲ್ಲಿ, 1924ರಲ್ಲಿ, ನ್ಯೂಯಾರ್ಕಿನ ವೈದ್ಯ ಸಿಡ್ನಿ ಹಾಸ್ ಈ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿ ಗುಣ ಕಂಡಿದ್ದರು. ಗುಣ ಬಂದದ್ದು ಬಾಳೆಹಣ್ಣಿನಿಂದಲ್ಲ, ಆ ಪಥ್ಯದಲ್ಲಿ ಬ್ರೆಡ್ ಇಲ್ಲದ್ದರಿಂದ. ಅದು ಗೋಧಿಯ ಕೆಲಸ ಎಂದು ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ, ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ನಮ್ಮ ಬನ್ಸ್ ಆ ಮದ್ದು, ಈ ವಿಷ ಎರಡನ್ನೂ ಒಂದೇ ಉಂಡೆಯಲ್ಲಿ ಕಲಸಿಟ್ಟಿದೆ.

ಉದ್ದಿನ ವಡೆ, ಅಂಬಡೆ ಉದ್ದಿನದ್ದೇ. ಆದರೆ ಅವು ಕರಿಯುವುದು ಗೋಳಿಬಜೆ ಬೆಂದ ಎಣ್ಣೆಯಲ್ಲೇ. ಎಣ್ಣೆ ಕಾದಿದೆ, ಗ್ಲೂಟೆನ್ ಸುಟ್ಟುಹೋಗುತ್ತದೆ ಎನ್ನುವ ಹಾಗಿಲ್ಲ. ಅದು ಪ್ರೋಟೀನು, ಮೈದಾದ ಚೂರಾಗಿ ಎಣ್ಣೆಯಲ್ಲಿ ತೇಲಿ ವಡೆಯ ತೂತಿಗೆ ಅಂಟಿಕೊಂಡು ಮೇಲೆ ಬರುತ್ತದೆ. ಹಲಸಿನ ಹಪ್ಪಳವನ್ನೂ ಹೋಟೆಲಿನಲ್ಲಿ ಇದೇ ಕಾರಣಕ್ಕೆ ಬಿಡಬೇಕು, ಮನೆಯಲ್ಲಿ ಕರಿದು ಕೊಡಿ.

ಹೆಸರು ನಂಬಿ ಮೋಸಹೋಗುವ ಕೆಲವು ಜಾಗಗಳಿವೆ. ರವೆ ಎಂದರೆ ಅಕ್ಕಿಯದ್ದೂ ಆಗಬಹುದು, ಗೋಧಿಯದ್ದೂ ಆಗಬಹುದು; ಇಡ್ಲಿ ರವೆ ಅಕ್ಕಿ, ಬಾಂಬೆ ರವೆ ಗೋಧಿ. ಸಜ್ಜಿಗೆ-ಬಜಿಲ್ ಕೇಳಿದರೆ ಒಂದೇ ತಟ್ಟೆಯಲ್ಲಿ ಸಜ್ಜಿಗೆ (ಉಪ್ಪಿಟ್ಟು) ಗೋಧಿ, ಬಜಿಲ್ (ಅವಲಕ್ಕಿ) ಅಕ್ಕಿ. ಬಜಿಲ್ ಮಾತ್ರ ಕೊಡಿ ಎಂದರೂ ಸೌಟು ಎರಡಕ್ಕೂ ಒಂದೇ. ಒತ್ತು ಶಾವಿಗೆ ಅಕ್ಕಿಯದ್ದು, ಶಾವಿಗೆ ಪಾಯಸದ ಪೊಟ್ಟಣದ ಶಾವಿಗೆ ಸಾಮಾನ್ಯವಾಗಿ ಗೋಧಿಯದ್ದು. ಬಿಸ್ಕುಟ್ ರೊಟ್ಟಿ ಮೈದಾ, ಬಿಸ್ಕುಟ್ ಅಂಬಡೆ ಉದ್ದು. ಮಗುವಿಗೆ ಹೋಟೆಲಿನಲ್ಲಿ ಹಾರ್ಲಿಕ್ಸ್ ಹೇಳುವವರು ಗಮನಿಸಿ, ಅದರಲ್ಲಿ ಗೋಧಿಯೂ ಇದೆ, ಬಾರ್ಲಿಯ ಮಾಲ್ಟೂ ಇದೆ. ಬಾರ್ಲಿಯಲ್ಲೂ ಗ್ಲೂಟೆನ್ ಉಂಟು ಎಂಬುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ; ಮಗುವಿಗೆ ಜ್ವರ ಬಂದಾಗ ಬಾರ್ಲಿ ನೀರು ಕುಡಿಸುವ ಮನೆಗಳೂ ಇವೆ. ಮೀನಿನ ಹೋಟೆಲಿಗೆ ಹೋದರೆ ರವಾ ಫ್ರೈ ಬೇಡ. ತವಾ ಫ್ರೈ ಸರಿ, ಆದರೆ ರವೆ ಹಚ್ಚಿದ ಬಂಗುಡೆ ಆಗಷ್ಟೇ ಎದ್ದ ತವಾದ ಮೇಲೆ ಅಲ್ಲ. ಕೋರಿ ರೊಟ್ಟಿಯ ರೊಟ್ಟಿ ಅಕ್ಕಿಯದ್ದು, ಪೊಟ್ಟಣದ ಮೇಲೆ ಬೇರೆ ಹಿಟ್ಟಿನ ಹೆಸರಿದೆಯೇ ಎಂದು ನೋಡಿದರೆ ಸಾಕು.

ತಪ್ಪಿ ತಿಂದದ್ದು ಗೊತ್ತಾಗುವುದು ಹೇಗೆ ಎಂದು ಕೇಳುತ್ತಾರೆ. ಕೆಲವು ಮಕ್ಕಳಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು. ಕೆಲವರಿಗೆ ಮರುದಿನ ಭೇದಿ. ಇನ್ನು ಕೆಲವರಿಗೆ ಹೊರಗೆ ಏನೂ ಇಲ್ಲ. ಈ ಮೂರನೆಯವರದ್ದೇ ಕಷ್ಟ. ಗೋಳಿಬಜೆ ತಿಂದರೂ ಏನೂ ಆಗಲಿಲ್ಲ, ಹಾಗಾದರೆ ಕಾಯಿಲೆ ಹೋಯಿತು ಎಂದು ಮನೆಯವರು ಸಡಿಲ ಬಿಡುತ್ತಾರೆ, ಒಳಗೆ ಕರುಳಿನ ಸಣ್ಣ ಸಣ್ಣ ಎಸಳುಗಳು ಮತ್ತೆ ಚಪ್ಪಟೆಯಾಗುತ್ತಿರುತ್ತವೆ. ಪಥ್ಯ ಸರಿಯಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಮಗುವಿನ ಮುಖವಲ್ಲ, ವೈದ್ಯರು ಹೇಳಿದ ಅವಧಿಗೆ ಮಾಡಿಸುವ ಟಿಟಿಜಿ ಪರೀಕ್ಷೆ ಮತ್ತು ತೂಕ-ಎತ್ತರದ ಗೆರೆ. ಟಿಟಿಜಿ ಇಳಿಯದೆ ನಿಂತಿದ್ದರೆ ಹೋಟೆಲು, ಇಂಗು, ಹಿಟ್ಟಿನ ಗಿರಣಿ, ಈ ಮೂರನ್ನು ಹುಡುಕಿ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಸುರಿಯುತ್ತಾರೆ. ಮೊದಲು ಬೀಳುವ ಹಿಟ್ಟಿನಲ್ಲಿ ಹಿಂದಿನವರ ಗೋಧಿ ಇದ್ದೇ ಇರುತ್ತದೆ. ಅಕ್ಕಿಯನ್ನಾದರೆ ನೆನೆಸಿ ಮನೆಯಲ್ಲೇ ರುಬ್ಬಬಹುದು. ಪೊಟ್ಟಣದ ಹಿಟ್ಟಾದರೆ ಗ್ಲೂಟೆನ್ ರಹಿತ ಎಂಬ ಬರಹ ನೋಡಿ. ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಹಾಗೆ ಬರೆಯಬಹುದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ಇನ್ನು ಹಾಲು. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಜೀರ್ಣವಾಗದಿರುವುದು ಪ್ರಮಾಣದ ಪ್ರಶ್ನೆ. ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಕರುಳಿನ ಎಸಳಿನ ತುದಿಯಲ್ಲಿರುತ್ತದೆ. ಜೋರು ಭೇದಿಯಾದ ಮೇಲೆ, ಅಥವಾ ಪಥ್ಯ ಶುರುವಾಗುವ ಮುಂಚಿನ ಸೀಲಿಯಾಕ್‌ನಲ್ಲಿ, ಆ ತುದಿಯೇ ಸವೆದಿರುತ್ತದೆ. ಹಾಲು ಕುಡಿದರೆ ಹೊಟ್ಟೆ ಗುಡುಗುಟ್ಟಿ ಹುಳಿಹುಳಿ ನೀರು ಭೇದಿ. ಕರುಳು ಮಾಗಿದ ಮೇಲೆ ಹಾಲು ಮತ್ತೆ ಹಿಡಿಸುತ್ತದೆ, ಜೀವಮಾನದ ನಿಷೇಧ ಬೇಕಿಲ್ಲ. ನೂರು ಮಿಲಿಲೀಟರ್ ಹಾಲಿನಲ್ಲಿ 5 ಗ್ರಾಮಿಗೆ ತುಸು ಕಡಿಮೆ ಲ್ಯಾಕ್ಟೋಸ್. ಮೊಸರಿನಲ್ಲಿ ಅದಕ್ಕಿಂತ ಕಡಿಮೆ, ನೀರು ಬೆರೆಸಿದ ಮಜ್ಜಿಗೆಯಲ್ಲಿ ಇನ್ನೂ ಕಡಿಮೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು. ಹಾಗಾಗಿ ಈ ಮಗು ತುಪ್ಪ ಸವರಿದ ಇಡ್ಲಿ ತಿನ್ನಬಹುದು, ಊಟದಲ್ಲಿ ಮಜ್ಜಿಗೆಹುಳಿ ಉಣ್ಣಬಹುದು, ಬಾದಾಮಿ ಹಾಲು ಮತ್ತು ಗಡ್‌ಬಡ್ ಐಸ್‌ಕ್ರೀಮ್ ಮುಂದಕ್ಕೆ ಹಾಕಬೇಕು. ಎ2 ಹಾಲಾದರೆ ಆಗುತ್ತದೆ ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ, ಅದರಲ್ಲೂ ಲ್ಯಾಕ್ಟೋಸ್ ಅಷ್ಟೇ ಇದೆ.

ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ. ಹೆಚ್ಚಾಗಿ ಮೊದಲ ವರ್ಷದ ಕೂಸುಗಳಲ್ಲಿ ಕಾಣುವುದು: ಮಲದಲ್ಲಿ ರಕ್ತದ ಗೆರೆ, ಮೈಮೇಲೆ ಕಜ್ಜಿಯಂತೆ ಕೆಂಪು, ಬಿಡದ ವಾಂತಿ. ಇವರಿಗೆ ಪ್ರಮಾಣದ ರಿಯಾಯಿತಿ ಇಲ್ಲ; ಮೊಸರೂ ಬೇಡ, ತುಪ್ಪವೂ ಬೇಡ, ದನದ ಬದಲು ಎಮ್ಮೆ-ಆಡಿನ ಹಾಲೂ ಬೇಡ, ಅವುಗಳ ಪ್ರೋಟೀನೂ ಹೆಚ್ಚುಕಡಿಮೆ ಅದೇ ಜಾತಿಯದ್ದು. ಹೋಟೆಲಿನಲ್ಲಿ ಇವರಿಗೆ ಅಪಾಯ ಇಡ್ಲಿಯ ಮೇಲೆ, ದೋಸೆಯ ಮೇಲೆ ಕೇಳದೆ ಬೀಳುವ ಬೆಣ್ಣೆ-ತುಪ್ಪ. ಲ್ಯಾಕ್ಟೋಸ್ ಇಲ್ಲದ ಹಾಲಿನ ಪೊಟ್ಟಣ ಕೂಡ ಇವರಿಗೆ ಆಗದು, ಅದರಲ್ಲಿ ಸಕ್ಕರೆ ಒಡೆದಿರುತ್ತದೆಯೇ ಹೊರತು ಪ್ರೋಟೀನು ಹಾಗೆಯೇ ಇರುತ್ತದೆ. ಪಾಯಸ ಬೇಕೆಂದರೆ ಕಾಯಿಹಾಲಿನ ಕಡ್ಲೆಬೇಳೆ ಪಾಯಸ ಕರಾವಳಿಯಲ್ಲಿ ಮೊದಲಿನಿಂದಲೂ ಇರುವುದೇ. ಗೇರುಬೀಜ ತುಪ್ಪದಲ್ಲಿ ಹುರಿದಿದ್ದಾರೆಯೇ ಎಂದಷ್ಟೇ ವಿಚಾರಿಸಿ.

ಅಕ್ಕಿಯ ತಿಂಡಿಗೆ ಇಷ್ಟು ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಗೋಧಿ ಬಿಟ್ಟ ಮಗು ಮೂರು ಹೊತ್ತೂ ಬೆಳ್ತಿಗೆ ಅಕ್ಕಿಯ ಇಡ್ಲಿ-ದೋಸೆಯಲ್ಲೇ ಕಾಲ ಕಳೆದರೆ ನಾರಿಲ್ಲದೆ ಮಲ ಗಟ್ಟಿಯಾಗುತ್ತದೆ, ಕಬ್ಬಿಣವೂ ಸಾಲದು. ಹೋಟೆಲಿನ ತಿಂಡಿ ವಾರಕ್ಕೊಮ್ಮೆಯದ್ದಾಗಿರಲಿ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ರಾಗಿ ನಡೆಯಲಿ.

ಅಡುಗೆಮನೆಯೊಡನೆ ಮಾತಾಡುವ ರೀತಿಯೂ ಮುಖ್ಯ. “ಗ್ಲೂಟೆನ್ ಇದೆಯಾ” ಎಂದರೆ ಉತ್ತರ “ಏನೂ ಇಲ್ಲ, ಎಲ್ಲ ಫ್ರೆಶ್”. “ಮಗುವಿಗೆ ಗೋಧಿ, ಮೈದಾ, ರವೆ ಆಗುವುದಿಲ್ಲ, ಡಾಕ್ಟ್ರು ಹೇಳಿದ್ದಾರೆ” ಎಂದರೆ ಕೂಡಲೇ ಅರ್ಥವಾಗುತ್ತದೆ. “ಭಟ್ರೇ, ಇಂಗಿನ ಡಬ್ಬಿ ಒಮ್ಮೆ ತೋರಿಸ್ತೀರಾ?” ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ, ಇಂಗಿನಲ್ಲಿ ಗೋಧಿಯಾ ಎಂದು ಅವರೂ ಬೆರಗಾಗುವುದುಂಟು.

ಹೋಟೆಲಿನವರಿಗೆ ನಮ್ಮ ಕೇಳಿಕೆ ದೊಡ್ಡದೇನಲ್ಲ. ಸಾಂಬಾರಿನ ಇಂಗನ್ನು ಅಕ್ಕಿ ಹಿಟ್ಟು ಬೆರೆಸಿದ ಡಬ್ಬಿಗೆ ಬದಲಾಯಿಸಿ, ಹಾಕುವ ಅಳತೆ ಹೆಚ್ಚುಕಡಿಮೆ ಅದೇ. ಬೇಳೆ, ಸಾಂಬಾರು ಪುಡಿ, ತರಕಾರಿ ಯಾವುದನ್ನೂ ಮುಟ್ಟಬೇಕಿಲ್ಲ. ಪುಡಿಯನ್ನು ಹೊರಗಿನಿಂದ ತರಿಸುವುದಾದರೆ ಅದರಲ್ಲಿರುವ ಇಂಗನ್ನೂ ವಿಚಾರಿಸಿ. ನೀರುದೋಸೆಗೆ ಒಂದು ಕಾವಲಿ, ಒಂದು ಮಗುಚುವ ಕೈ ಮೀಸಲಿಡಿ. ಇವೆರಡು ಆಗಿ, ನೀರುದೋಸೆಯ ಹಿಟ್ಟಿಗೆ ಮೈದಾ ಬೀಳದೆ, ಇಡ್ಲಿಯ ಮೇಲಂತಸ್ತಿನಲ್ಲಿ ರವೆ ಇಡ್ಲಿ ಬೇಯದೆ ಇದ್ದರೆ ಬೋರ್ಡಿನಲ್ಲಿ ಇಡ್ಲಿ, ಮೂಡೆ, ನೀರುದೋಸೆಯ ಮುಂದೆ “ಗೋಧಿ ಇಲ್ಲ” ಎಂದು ಸೀಮೆಸುಣ್ಣದಲ್ಲಿ ಬರೆಯಬಹುದು.